ಎಡಗಿವಿಯ ಕವೆ

ಹೋದ ತಿಂಗಳು ಧರ್ಮಪುರಿ ಬಸ್ ನಿಲ್ದಾಣದಲ್ಲಿ, ಪೆನ್ನಾಗರಂ ಬಸ್ಸು ನಿಲ್ಲುವ ಕಡೆ ನಿಂತಿದ್ದಾಗ ಕಾಯಿಸಿದ ಬೇವಿನೆಣ್ಣೆಯ ವಾಸನೆ ಬಂತು. ತಿರುಗಿ ನೋಡಿದರೆ ಹೆಂಗಸೊಬ್ಬಳು ಗೋಣಿಚೀಲದಲ್ಲಿ ಕುರಿಮರಿಯೊಂದನ್ನು ಕತ್ತಿನವರೆಗೆ ಇಳಿಸಿ ಕಟ್ಟಿಕೊಂಡು ನಿಂತಿದ್ದಳು. ಮರಿಯ ಒಂದು ಕಿವಿಯ ತುದಿಯನ್ನು ಆಗತಾನೆ ಕೊಯ್ದಿದ್ದರು. ಗಾಯಕ್ಕೆ ಎಣ್ಣೆ, ಅರಿಶಿನ ಬಳಿದಿದ್ದರು. ಬೇರೆಯವರಾಗಿದ್ದರೆ ಪಾಪ ಅನ್ನುತ್ತಿದ್ದರೇನೋ. ನಾನು ಅದು ಯಾವ ಕಿವಿ ಎಂದು ನೋಡಿದೆ. ಮರಿಯ ಮುಖ ನನ್ನ ಕಡೆಗಿದೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಎಡಗಿವಿ ಎಂದು ಒಪ್ಪಿಕೊಂಡೆ.

ಈ ಅಭ್ಯಾಸ ಹತ್ತಿದ್ದು ಒಂದು ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಗಾಳಿಯ ಹೊತ್ತಿನಲ್ಲಿ. ಆಗ ನಾನು ಬೆಂಗಳೂರಿನ ಒಂದು ಕಲಾ ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿ. ಈಗ ಪತ್ರಿಕೆಯ ಡೆಸ್ಕಿನಲ್ಲಿ ಕೂರುತ್ತೇನೆ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆ ಮಾಡುವುದೇ ಈಗಿನ ಕೆಲಸ. ಆಗ ಈ ಮೂರನ್ನೂ ಬೆರೆಸಿ ಅದಕ್ಕೆ ಕವಿತೆ ಎಂದು ಹೆಸರಿಟ್ಟಿದ್ದೆ.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಕೃತಿ ಒಪ್ಪಿಸಬೇಕಿತ್ತು. ನಾನು ಫೋಟೋ ಮತ್ತು ಕವಿತೆಯ ಪುಸ್ತಕ ಮಾಡುತ್ತೇನೆಂದು ಬರೆದುಕೊಟ್ಟೆ. ಎಡಪುಟದಲ್ಲಿ ಕವಿತೆ, ಬಲಪುಟದಲ್ಲಿ ಚಿತ್ರ. ನಮ್ಮ ಮನೆ ಧರ್ಮಪುರಿಯಲ್ಲಿ. ಅಪ್ಪನಿಗೆ ಕಲೆಕ್ಟರ್ ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ನಾನು ಕಲಿತದ್ದು ಬೆಂಗಳೂರಿಗೆ ಹೋದಮೇಲೆ. ಹೊಸದಾಗಿ ಕಲಿತ ಅಕ್ಷರದಲ್ಲಿ ಏನು ಬರೆದರೂ ಚೆನ್ನಾಗಿದೆ ಅನ್ನಿಸುತ್ತಿತ್ತು. 'ಕೆಂಪು ಮಣ್ಣು, ಕೆಂಪು ಕುರಿ, ನಡುವೆ ಒಂದು ಬೆಳಕು' ಎಂಬ ನನ್ನ ಸಾಲನ್ನು ಓದಿ ಮೇಷ್ಟ್ರು, "ಕುರಿ ತೆಗೆದು ಬೆಕ್ಕು ಹಾಕಿದರೂ ನಡೆಯುತ್ತದಲ್ಲಮ್ಮ" ಎಂದಿದ್ದರು.

ಈರಮ್ಮನ ಪರಿಚಯವಾದದ್ದು ಅಪ್ಪನ ಅಂಗಡಿಯಲ್ಲಿ. ಜಮೀನಿನ ಪಟ್ಟಾದ ನಕಲು ಮಾಡಿಸಲು ಆಕೆ ಪೆನ್ನಾಗರಂ ಆಚೆಯ ಒಂದು ಹಟ್ಟಿಯಿಂದ ಬರುತ್ತಿದ್ದಳು. ಹಟ್ಟಿಯ ಹೆಸರು ಬರೆಯುವುದಿಲ್ಲ. ಅಲ್ಲಿರುವುದೇ ಮೂವತ್ತು ಮನೆ, ಬರೆದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಕಾಡಿನ ಅಂಚು, ಮಳೆ ನಂಬಿದ ರಾಗಿ, ಅದಕ್ಕಿಂತ ಹೆಚ್ಚು ಕುರಿ. ಆ ಕಡೆಯ ಕುರಿಗಳಿಗೆ ಉಣ್ಣೆ ಕಡಿಮೆ, ಎಲ್ಲವೂ ಒಂದೇ ಕಂದುಗೆಂಪು. ಹಿಂಡು ಬೆರೆತರೆ ಯಾರದ್ದು ಯಾವುದೆಂದು ಹೇಳುವುದು ಕಿವಿ ಮಾತ್ರ. ಪ್ರತಿ ಮನೆಗೂ ಒಂದು ಗುರುತು: ಒಬ್ಬರು ಅಂಚಿನಲ್ಲಿ ಒಂದು ಕಚ್ಚು ಹಾಕುತ್ತಾರೆ, ಒಬ್ಬರು ಎರಡು, ಇನ್ನೊಬ್ಬರು ನಡುವೆ ತೂತು. ಈರಮ್ಮನ ಮನೆತನದ್ದು ಕವೆ. ಕಿವಿಯ ತುದಿಯನ್ನು ಕವೆಗೋಲಿನಂತೆ ಸೀಳುವುದು. ಆಕೆಯ ಗಂಡನೂ ಗಂಡನ ತಮ್ಮ ಮಾದಪ್ಪನೂ ಬೇರೆಯಾದಾಗ ಹೊಲ ಪಾಲಾಯಿತು, ಹಿಂಡು ಪಾಲಾಯಿತು. ಗುರುತನ್ನು ಮಾತ್ರ ಇಬ್ಬರೂ ಬಿಡಲೊಲ್ಲದೆ ಅದನ್ನೂ ಪಾಲು ಮಾಡಿಕೊಂಡರು. ಅಣ್ಣನ ಮನೆಗೆ ಎಡಗಿವಿಯ ಕವೆ, ತಮ್ಮನ ಮನೆಗೆ ಬಲಗಿವಿಯ ಕವೆ. ಅಣ್ಣ ತೀರಿಕೊಂಡು ವರ್ಷಗಳಾದಮೇಲೂ ಅದು ಹಾಗೇ ನಡೆದಿತ್ತು.

ಮರಿಯ ಕಿವಿ ಕೊಯ್ಯುವಾಗ ಈರಮ್ಮ ಅದರ ಮುಖಕ್ಕೆ ಬಾಗಿ ಎರಡು ಸಾಲು ಹೇಳುತ್ತಾಳೆ:

'ಕಿವಿ ಕೊಯ್ದ ಕೈಗೆ ಶಾಪ ಆಕಬ್ಯಾಡ ಮರಿಯೇ,
ಕಾಡಾಗೆ ಕಳ್ದೋದ್ರೆ ಕರಿಯಾಕೆ ಎಸರಿಲ್ಲ ನಿಂಗೆ.'

ಇಂಥವು ಆಕೆಯ ಬಳಿ ಹತ್ತಾರು ಇದ್ದವು. ಇವುಗಳ ಎದುರು ನನ್ನ ಕೆಂಪು ಮಣ್ಣು ನಿಲ್ಲುವುದಿಲ್ಲವೆಂದು ನನಗೂ ಗೊತ್ತಾಯಿತು. ಅವನ್ನು ಪುಸ್ತಕಕ್ಕೆ ಕೊಡು ಅಜ್ಜಿ ಎಂದು ಕೇಳಿದೆ.

"ಕೊಡ್ತೀನಿ. ಆದ್ರೆ ನೀ ಬರ್ಕೊಂಡಿದ್ದ ನಂಗೆ ಓದಿ ತೋರ್ಸ್ಬೇಕು. ಪುಸ್ತಕಾನೂ ತಂದು ತೋರ್ಸ್ಬೇಕು," ಎಂದಳು. "ಪಟ್ಟಾದಾಗೂ ಬಾಯಲ್ಲಿ ಒಂದಂದು ಕಾಗ್ದದಾಗೆ ಒಂದು ಬರ್ದಿದ್ರು."

ಹಟ್ಟಿಯವರಿಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಕ್ಯಾಮೆರಾ ಹಿಡಿದು ಕುರಿಗಳ ಕಿವಿಗೆ ಕಣ್ಣಿಟ್ಟು ಓಡಾಡುವವಳು ಕುರಿ ಎಣಿಸಲು ಬಂದವಳೇ ಇರಬೇಕು. ಎಣಿಕೆಯಾದರೆ ಕಾಡಿನೊಳಗೆ ಮೇಯಿಸುವುದಕ್ಕೆ ತಡೆ ಬರುತ್ತದೆ. ಮಾದಪ್ಪ ನನ್ನನ್ನು ನೇರವಾಗಿಯೇ ಕೇಳಿದರು.

"ಯಾರ್ ಕಳ್ಸಿದ್ದು ಪಾಪ ನಿನ್ನ? ಫಾರೆಸ್ಟ್ ಆಪೀಸಾ?"

ಅಲ್ಲಿ ತಮಿಳಿನಂತೆ ಹೆಣ್ಣುಮಕ್ಕಳನ್ನು ಪಾಪ ಎಂದೇ ಕರೆಯುವುದು. "ಕಾಲೇಜು, ಮಾವ. ಪುಸ್ತಕ ಮಾಡ್ಬೇಕು."

"ಕಾಲೇಜ್ಗೆ ಕುರಿ ಕಿವಿ ಯಾಕೆ? ಬೆಂಗ್ಳೂರಾಗೆ ಕಿವಿ ಇಲ್ದೋರು ಓದ್ತಾವ್ರಾ?"

ಪಕ್ಕದಲ್ಲಿದ್ದವರು ನಕ್ಕರು. ಮಾದಪ್ಪ ನಗಲಿಲ್ಲ. ಆದರೂ ನನಗೆ ಹೆಚ್ಚು ಸಹಾಯ ಮಾಡಿದವರು ಅವರೇ. ಬೆಳಿಗ್ಗೆ ಹಿಂಡು ಹೊರಡುವ ಹೊತ್ತು, ಬೆಳಕು ಎಲ್ಲಿ ಬೀಳುತ್ತದೆ, ಯಾವ ಟಗರು ಹಾಯುತ್ತದೆ, ಎಲ್ಲ ಹೇಳುತ್ತಿದ್ದರು. ಇಷ್ಟು ಸಹಾಯ ಯಾಕೆ ಮಾಡುತ್ತಾರೆ ಎಂದು ನಾನೂ ಅನುಮಾನಪಡುತ್ತಿದ್ದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಅನುಮಾನ ದಾಖಲಾಗಿದೆ: 'ಮಾದಪ್ಪ ಈರಮ್ಮನ ಬಗ್ಗೆ ತಾವಾಗಿ ಏನೂ ಹೇಳುವುದಿಲ್ಲ. ಯಾಕೆ?'

ಆಡಿ ಬಂತು. ಗಾಳಿ ಎದ್ದಿತು. ಆ ಸೀಮೆಯಲ್ಲಿ ಆಡಿ ಗಾಳಿ ಎಂದರೆ ಮಣ್ಣು ಎದ್ದು ಬಂದು ಹಲ್ಲಿನ ನಡುವೆ ಕೂರುತ್ತದೆ. ಲೆನ್ಸ್ ಒರೆಸಲು ಅಮ್ಮನ ಹಳೆಯ ರವಿಕೆ ತುಂಡು ಇಟ್ಟುಕೊಂಡಿದ್ದೆ. ಊರೂರಲ್ಲಿ ಮಾರಿಯಮ್ಮನ ಪೂಜೆ, ಮಾಂಸಕ್ಕೆ ಬೇಡಿಕೆ. ಕುರಿ ಕಳ್ಳತನವಾಗುವುದೂ ಆಗಲೇ. ಆಡಿಯ ಮೊದಲ ವಾರ ಈರಮ್ಮನ ದೊಡ್ಡ ಹೆಣ್ಣುಕುರಿಯೊಂದು ಸಂಜೆ ತೊಟ್ಟಿಗೆ ಬರಲಿಲ್ಲ. ಆ ನೀರಿನ ತೊಟ್ಟಿ ಈರಮ್ಮನ ಹೊಲದಲ್ಲಿದೆ. ಮಾದಪ್ಪನ ಹಿಂಡೂ ಅಲ್ಲೇ ನೀರು ಕುಡಿಯುವುದು, ಅವರ ಹೊಲದಲ್ಲಿ ಕೊರೆದ ಎರಡು ಬೋರ್‌ವೆಲ್‌ನಲ್ಲೂ ನೀರು ಸಿಕ್ಕಿರಲಿಲ್ಲ. ಮೂರು ದಿನ ಹುಡುಕಿದರು. ಮಾದಪ್ಪನೂ ಹುಡುಕಲು ಹೋದರು, ಯಾವ ಕಡೆಗೆಂದು ನಾನು ಕಾಣಲಿಲ್ಲ. ಸಿಗಲಿಲ್ಲ. ಈರಮ್ಮ ಯಾರ ಹೆಸರನ್ನೂ ಹೇಳಲಿಲ್ಲ, ಆದರೆ ಮೈದುನ ತೊಟ್ಟಿಗೆ ಬಂದರೆ ಆಕೆಯ ಕಣ್ಣು ಅವರ ಕುರಿಗಳ ಕಿವಿಯ ಮೇಲೆ ಇರುತ್ತಿತ್ತು. ಇದು ನಾನು ಕಂಡದ್ದು.

ಅದಾದ ಒಂದು ವಾರಕ್ಕೆ ನಾನು ಮಾದಪ್ಪನ ಫೋಟೋ ತೆಗೆದೆ. ಅವರ ಮುಳ್ಳುಬೇಲಿಯ ದೊಡ್ಡಿಯೊಳಗೆ, ಒಂದು ಹೆಣ್ಣುಕುರಿಯ ಕೊರಳಿಗೆ ಕೈ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ. ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು. ಕುರಿಯೂ ಅವರೂ ಒಂದೇ ದಿಕ್ಕಿಗೆ ನೋಡುತ್ತಿದ್ದಾರೆ. ಕಿವಿಯ ಕವೆಯ ಹಿಂದಿನಿಂದ ಬೆಳಕು ಬಂದು ರಕ್ತನಾಳವೂ ಕಾಣುತ್ತದೆ. ಆ ವರ್ಷ ನಾನು ತೆಗೆದ ಚಿತ್ರಗಳಲ್ಲಿ ಅದೇ ಒಳ್ಳೆಯದು. ಆಡಿ ಮುಗಿಯುವ ಹೊತ್ತಿಗೆ ಮಾದಪ್ಪ ಆ ಕುರಿಯನ್ನು ಪೆನ್ನಾಗರಂ ಸಂತೆಯಲ್ಲಿ ಮಾರಿದರು.

ಕಾಲೇಜಿಗೆ ಹೋಗಿ ಪುಟ ಜೋಡಿಸಿದೆ. ಮಾದಪ್ಪನ ಚಿತ್ರದ ಎದುರು ಈರಮ್ಮನ 'ಕಿವಿ ಕೊಯ್ದ ಕೈ' ಸಾಲುಗಳು. ಮೇಷ್ಟ್ರು ನೋಡಿ, "ಚಿತ್ರ ಚೆನ್ನಾಗಿದೆ. ಆದರೆ ಮನುಷ್ಯ ಪುಸ್ತಕದ ಹೊರಗೆ ನೋಡುತ್ತಿದ್ದಾನೆ. ಕವಿತೆಯ ಕಡೆ ನೋಡಬೇಕು," ಎಂದರು. ನಾನು ಕಂಪ್ಯೂಟರಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಿದೆ. ಒಂದು ಕ್ಲಿಕ್. ಮಾದಪ್ಪ ಕವಿತೆಯ ಕಡೆ ನೋಡಿದರು. ನನಗೆ ಕಿವಿ ಎಂದರೆ ಬರಿಯ ಆಕಾರವಾಗಿತ್ತು. ಎರಡು ತಿಂಗಳು ಆ ಗುರುತುಗಳ ಬಗ್ಗೆಯೇ ಬರೆದುಕೊಂಡವಳು ಆ ಕ್ಷಣದಲ್ಲಿ ಅದನ್ನು ನೆನೆಯಲಿಲ್ಲ. ಆಮೇಲೆ ತಿರುಗಿಸಿದ್ದನ್ನೇ ಮರೆತೆ.

ಮಾದರಿ ಪ್ರತಿಯನ್ನು ಅಪ್ಪನ ಅಂಗಡಿಯಲ್ಲೇ ಕಲರ್ ಜೆರಾಕ್ಸ್ ಮಾಡಿ ಹೊಲಿದು, ಮಾತು ಕೊಟ್ಟಂತೆ ಈರಮ್ಮನಿಗೆ ತೋರಿಸಿದೆ. ಆಕೆಯ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಕಣ್ಣು ಮುಚ್ಚಿ ಕೇಳಿ ಒಂದು ಕಡೆ ತಿದ್ದಿಸಿದಳು. "ಬಿಟ್ಟೋಗು. ಪಟ ನೋಡ್ತೀನಿ," ಎಂದು ಪುಸ್ತಕ ಇಟ್ಟುಕೊಂಡಳು.

ಮೂರನೆಯ ದಿನ, ಗುರುವಾರ, ನಾನು ಅಂಗಡಿಯಲ್ಲಿದ್ದಾಗ ಫೋನ್ ಬಂತು.

"ಪಾಪ, ನಿನ್ ಪುಸ್ತಕ ನನ್ ಕುರಿ ಕಳ್ಳನ್ನ ಇಡ್ಕೊಡ್ತು ಕಣವ್ವ!"

"ಏನಜ್ಜಿ?"

"ಮಾದನ ದೊಡ್ಡೀಲಿ ಎಡಗಿವಿ ಕುರಿ ಐತೆ ನಿನ್ ಪಟದಾಗೆ. ನನ್ದು. ಕಳ್ದೋದ್ಳಲ್ಲ, ಅವ್ಳೇ. ಅದ್ನೇ ಸಂತೇಲಿ ಮಾರ್ಕೊಂಡವ್ನೆ. ಕೇಳುದ್ರೆ 'ಕುರಿ ನಂದೇ ಅತ್ಗೆ, ಕಿವಿ ಎಂಗಾಯ್ತೋ ಗೊತ್ತಿಲ್ಲ' ಅಂತಾನೆ. ಊರೆಲ್ಲ ನೋಡ್ತು. ನಾಳೆ ಶುಕ್ರವಾರ ಮುನೇಶ್ವರನ ಮುಂದೆ ಕರ್ಪೂರ ಆರಿಸ್ತಾನಂತೆ. ಆರಿಸ್ಲಿ!"

ಕರ್ಪೂರ ಆರಿಸುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆಪಾದನೆ ಹೊತ್ತವನು ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ, ನಾನು ಮಾಡಿಲ್ಲ ಎಂದು ಆಣೆ ಇಡುತ್ತಾನೆ. ಅಲ್ಲಿಗೆ ಆ ಮಾತು ಮುಗಿಯಿತು, ಅವನನ್ನು ಇನ್ನು ಯಾರೂ ಕಳ್ಳ ಅನ್ನುವಂತಿಲ್ಲ. ಆದರೆ ಆಣೆ ಇಟ್ಟ ಮನೆಗೂ ಇಡಿಸಿದ ಮನೆಗೂ ಅಂದಿನಿಂದ ನೀರಿಲ್ಲ, ಬೆಂಕಿಯಿಲ್ಲ, ಹೆಣ್ಣು ಕೊಟ್ಟು ತರುವುದಿಲ್ಲ. ಮಕ್ಕಳ ಕಾಲಕ್ಕೂ ಇಲ್ಲ. ಮಾದಪ್ಪನ ಹಿಂಡಿಗೆ ಶನಿವಾರದಿಂದ ತೊಟ್ಟಿ ಮುಚ್ಚಿದಂತೆ.

ಫೋನ್ ಇಟ್ಟಾಗ ನನಗೆ ಮೊದಲು ಆದದ್ದು ಹೆಮ್ಮೆ. ಇದನ್ನು ಬರೆಯದೆ ಬಿಡಬಹುದಿತ್ತು. ನನ್ನ ಪುಸ್ತಕ ಒಂದು ಕಳವನ್ನು ಹಿಡಿದಿದೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಯಾರದ್ದೋ ಜಾತಿ ಸರ್ಟಿಫಿಕೇಟನ್ನು ಗಾಜಿನ ಮೇಲಿಟ್ಟು ಮುಚ್ಚಳ ಹಾಕುತ್ತಿದ್ದರು.

"ಒರಿಜಿನಲ್ ನೋಡಿದ್ಯಾ?"

"ನಾನೇ ತೆಗ್ದಿದ್ದಪ್ಪ."

"ತೆಗ್ದೋಳು ನೀನೇ. ನೋಡಿದ್ಯಾ ಅಂದೆ."

ಕುರಿ ಕಳೆದ ಮೇಲೆ ತೆಗೆದದ್ದೇ ಎಂದು ತಾರೀಖು ಖಚಿತಪಡಿಸಿಕೊಳ್ಳಲು ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಮಾದಪ್ಪನ ಮೇಲಿನ ಆರೋಪವನ್ನು ಗಟ್ಟಿ ಮಾಡುವುದೇ ನನ್ನ ಉದ್ದೇಶ. ಚಿತ್ರ ತೆರೆಯಿತು. ಮಾದಪ್ಪ ಇನ್ನೊಂದು ದಿಕ್ಕಿಗೆ ನೋಡುತ್ತಿದ್ದರು. ಕವೆ ಬಲಗಿವಿಯಲ್ಲಿತ್ತು.

ಕೂತಲ್ಲೇ ಮೂರು ದಾರಿ ಯೋಚಿಸಿದೆ: ಕ್ಯಾಮೆರಾದ ತಪ್ಪು ಎನ್ನುವುದು, ಮೇಷ್ಟ್ರ ತಪ್ಪು ಎನ್ನುವುದು, ಹಟ್ಟಿಗೆ ಹೋಗದೇ ಇರುವುದು. ಅಪ್ಪ ನನ್ನ ಭುಜದ ಮೇಲಿಂದ ಎರಡೂ ಚಿತ್ರ ನೋಡಿದರು. ಮೂಲ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಕೈಗೆ ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಹುಣಸೆಮರದ ಕೆಳಗೆ ಮುನೇಶ್ವರನ ಕಲ್ಲು. ಹಟ್ಟಿಯ ಎಲ್ಲರೂ ಇದ್ದರು. ಗಾಳಿಗೆ ಕರ್ಪೂರ ನಿಲ್ಲದೆ ಪೂಜಾರಿ ತೆಂಗಿನ ಚಿಪ್ಪು ಹುಡುಕುತ್ತಿದ್ದರು. ಮಾದಪ್ಪ ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ ನಿಂತಿದ್ದರು. ಈರಮ್ಮ ಎದುರಿಗೆ, ನನ್ನ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು.

ನಾನು ನಡೆದದ್ದನ್ನು ಹೇಳಿದೆ. ಮಾದಪ್ಪ ಪುಸ್ತಕದ ಹೊರಗೆ ನೋಡುತ್ತಾರೆಂದು, ಚೆಂದ ಕಾಣಲೆಂದು ಚಿತ್ರ ತಿರುಗಿಸಿದೆ, ಎಡ ಬಲವಾಯಿತು, ಬಲ ಎಡವಾಯಿತು, ಕುರಿ ಮಾದಪ್ಪನದೇ ಎಂದೆ. ಫೋನಿನ ಸೆಲ್ಫಿಯಲ್ಲಿ ಮುಖ ಎಡಬಲ ತಿರುಗಿ ಕಾಣುವುದು ಅಲ್ಲಿ ಎಷ್ಟೋ ಜನಕ್ಕೆ ಗೊತ್ತಿತ್ತು. ಆದರೆ ಪುಸ್ತಕವಾಗಿ ಕೈಗೆ ಬಂದದ್ದು ತಿರುಗಿರಬಹುದೆಂದು ಯಾರೂ ಎಣಿಸಿರಲಿಲ್ಲ.

ನನ್ನನ್ನು ಯಾರೂ ನಂಬಲಿಲ್ಲ. "ಮೊನ್ನೆ ಎಡಗಿವಿ, ಇವತ್ತು ಬಲಗಿವಿ," ಎಂದಳು ಈರಮ್ಮ. "ಮಾದ ಬಾಡೂಟ ಆಕಿದ್ನಾ ನಿಂಗೆ?"

"ಇಲ್ಲಜ್ಜಿ. ತಪ್ಪು ನಂದು."

"ಎರಡು ಪಟ ಐತೆ. ಯಾವ್ದು ಪೊಯ್?" ಎಂದರು ಪೂಜಾರಿ. ಸುಳ್ಳಿಗೆ ಅಲ್ಲಿ ಆಡುವ ಮಾತು ಅದು.

ನಾನು ಎರಡನ್ನೂ ಪಕ್ಕಪಕ್ಕ ಹಿಡಿದೆ. "ಅಂಗಿ ನೋಡಿ. ಪುಸ್ತಕದಲ್ಲಿ ಮಾವನ ಜೇಬು ಯಾವ ಕಡೆ ಇದೆ?"

ಗಂಡಸರು ತಮ್ಮ ತಮ್ಮ ಅಂಗಿ ಮುಟ್ಟಿಕೊಂಡರು, ಎಲ್ಲರ ಜೇಬೂ ಎಡಗಡೆ. ಮಗು ಎತ್ತಿಕೊಂಡಿದ್ದ ಒಬ್ಬಾಕೆ ಮುಂದೆ ಬಂದು ಬಗ್ಗಿ ನೋಡಿ, "ಅಯ್ಯೋ, ಬಲಗಡೆ ಐತೆ! ಯಾವ ಟೈಲರ್ ಒಲ್ದವ್ನೆ ಇದ್ನ, ಕುಡ್ದು ಒಲ್ದವ್ನಾ?" ಎಂದಳು. ನಗು ಎದ್ದಿತು. ಒಬ್ಬರಾದ ಮೇಲೆ ಒಬ್ಬರು ಬಂದು ನೋಡಿದರು. ಬೀಡಿ ಕಟ್ಟು ಎದೆಯ ಬಲಗಡೆ ಇತ್ತು. ಈರಮ್ಮ ಎಲ್ಲರಿಗಿಂತ ಕೊನೆಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಸರಿ ಬಿಡ್ರಪ್ಪ, ಆಯ್ತಲ್ಲ," ಎಂದು ಪೂಜಾರಿ ಕರ್ಪೂರದ ಡಬ್ಬಿ ಮುಚ್ಚಲು ಹೋದರು.

"ಮುಚ್ಬ್ಯಾಡಿ," ಎಂದರು ಮಾದಪ್ಪ. "ಕರ್ಪೂರ ಅಚ್ಚಿ."

"ಯಾಕ್ಲಾ? ಪಟಾನೇ ಯೋಳ್ತಲ್ಲ."

"ಪಟ ಮೊನ್ನೆ ನನ್ನ ಕಳ್ಳ ಅಂತು, ಊರು ನಂಬ್ತು. ಇವತ್ತು ಕಳ್ಳ ಅಲ್ಲ ಅಂತೈತೆ, ಊರು ನಂಬ್ತೈತೆ. ಮೂರ್ ದಿನ ನಾನ್ ಬಾಯಲ್ಲಿ ಯೋಳ್ದೆ, ಒಬ್ರೂ ನಂಬ್ಲಿಲ್ಲ. ಅಚ್ಚಿ ಸಾಮಿ. ನಾನ್ ಆರಿಸ್ತೀನಿ."

ಪೂಜಾರಿ ತೆಂಗಿನ ಚಿಪ್ಪಿನಲ್ಲಿ ಕರ್ಪೂರ ಹಚ್ಚಿದರು. ಈಗ ಆರಿಸಿದರೂ ಕಟ್ಟಳೆ ಕಟ್ಟಳೆಯೇ, ತೊಟ್ಟಿ ಹೋದ ಹಾಗೆಯೇ. ಮಾದಪ್ಪನಿಗೆ ಅದು ಗೊತ್ತಿತ್ತು. ಅವರು ಬಲಗೈ ಚಾಚಿದರು. ಆಗ ಈರಮ್ಮ ಮುಂದೆ ಬಂದು ಅವರ ಮಣಿಕಟ್ಟನ್ನು ಪಕ್ಕಕ್ಕೆ ತಳ್ಳಿ, ತನ್ನ ಅಂಗೈಯನ್ನು ಉರಿಯ ಮೇಲೆ ಒತ್ತಿಬಿಟ್ಟಳು. ಪುಸ್ತಕ ಕೆಳಗೆ ಬಿತ್ತು.

"ಅತ್ಗೆ!"

"ಸುಮ್ನಿರು," ಎಂದಳು. ಕೈ ತೆಗೆಯದೆ ಕಲ್ಲಿನ ಕಡೆ ತಿರುಗಿದಳು. "ಮುನೇಸಪ್ಪ, ಇವ್ನು ಕದ್ನೋ ಇಲ್ವೋ ನಂಗೆ ಗೊತ್ತಿಲ್ಲ. ಕದ್ದ ಅಂತ ನಾನ್ ಅನ್ಕೊಂಡೆ. ಈ ಪುಸ್ತಕ ಬರಾಕ್ ಮುಂಚೇನೇ ಅನ್ಕೊಂಡೆ. ಅದ್ಮಾತ್ರ ಸತ್ಯ."

ಆಪಾದನೆ ಹೊರಿಸಿದವರೇ ಕರ್ಪೂರ ಆರಿಸಿದರೆ ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಪೂಜಾರಿಯ ಮುಖ ನೋಡಿದರು. "ಇದ್ಕೆ ಕಟ್ಟಳೆ ಇಲ್ಲ," ಎಂದರು ಅವರು ಕೊನೆಗೆ. "ಮನೆಗೋಗಿ."

ತೊಟ್ಟಿ ಉಳಿಯಿತು. ಆದರೆ ಅಂದಿನಿಂದ ಮಾದಪ್ಪನ ಹಿಂಡು ಬೆಳಿಗ್ಗೆ, ಈರಮ್ಮನ ಹಿಂಡು ಸಂಜೆ ನೀರಿಗೆ ಬರುತ್ತಿತ್ತು. ಒಟ್ಟಿಗೆ ಬಂದದ್ದನ್ನು ಆ ವರ್ಷ ನಾನು ನೋಡಲಿಲ್ಲ. ಪುಸ್ತಕ ಪಾಸಾಯಿತು. ಈರಮ್ಮ ಒಂದು ಸಾಲನ್ನೂ ಹಿಂದಕ್ಕೆ ಕೇಳಲಿಲ್ಲ, ನನ್ನ ಜೊತೆ ಮತ್ತೆ ಮಾತನ್ನೂ ಆಡಲಿಲ್ಲ. ಕಳೆದ ಕುರಿ ಸಿಗಲಿಲ್ಲ. ಇವಿಷ್ಟು ಖಚಿತ. ಮೂಲ ಚಿತ್ರದಿಂದ ತಿಳಿಯುವುದು, ಮಾದಪ್ಪ ಅಪ್ಪಿಕೊಂಡಿದ್ದ ಕುರಿ ಅವರದೇ ಎಂದಷ್ಟೆ. ಕಾಣೆಯಾದ ಎಡಗಿವಿಯ ಕುರಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಆ ಶುಕ್ರವಾರ ಮಾದಪ್ಪ ಒಣಗಿದ ಅಂಗಿ ಹಾಕಿಕೊಂಡು ನನ್ನ ಜೊತೆ ರಸ್ತೆಯವರೆಗೆ ಬಂದರು. ದಾರಿಯಲ್ಲಿ ಕ್ಷಮೆ ಕೇಳಿದೆ.

"ಆ ಪಟಾನ ಪುಸ್ತಕದಿಂದ ತೆಗೀಬ್ಯಾಡ ಪಾಪ," ಎಂದರು ರಸ್ತೆಗೆ ಬಂದಮೇಲೆ. "ತಿರುಗಿಸ್ದೆ ಆಕು. ನಾನ್ ಪುಸ್ತಕದಿಂದಾಚೆ ನೋಡುದ್ರೆ ನೋಡ್ಕೋತೀನಿ."

"ಆಗ್ಲಿ ಮಾವ."

ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು.

"ಒಂದ್ ಕೇಳ್ಲಾ? ಅತ್ಗೆ ಕುರಿ ನಾನ್ ಎತ್ತಿಲ್ಲ ಅಂತ ನೀನು ನಂಬ್ತೀಯಾ?"

ನನ್ನ ಟಿಪ್ಪಣಿ ಪುಸ್ತಕ ಚೀಲದಲ್ಲಿತ್ತು. ಕುರಿ ಹುಡುಕಲು ಹೋದ ಮೂರು ದಿನ ಅವರು ಎಲ್ಲಿದ್ದರು ಎಂಬುದರ ಎದುರು ನಾನು ಹಾಕಿಕೊಂಡಿದ್ದ ಪ್ರಶ್ನೆಚಿಹ್ನೆ ಹಾಗೇ ಇತ್ತು.

"ಪಟದಲ್ಲಿರೋ ಕುರಿ ನಿಮ್ದೇ ಮಾವ," ಎಂದೆ. "ಅದು ನಂಗೆ ಗೊತ್ತು."

"ನಾನ್ ಕೇಳಿದ್ದು ಅದಲ್ಲ," ಎಂದರು ಮಾದಪ್ಪ. ಆಮೇಲೆ ರಸ್ತೆಗೆ ಇಳಿದು, ಕೈ ಅಡ್ಡ ಹಾಕಿ, ನನಗೋಸ್ಕರ ಬಸ್ಸು ನಿಲ್ಲಿಸಿದರು.